ಆಮೆಗುಂಡಿಯ ಹದ

ಟಕ್.

ಹಲಗೆಯ ಮೇಲೆ ಹುಣಸೆಬೀಜ ಬಿದ್ದಂಥ ಸದ್ದು. ಪಂಪಾವತಿ ಕತ್ತಲಲ್ಲಿ ಕಣ್ಣು ಬಿಟ್ಟಳು. ಅವಳ ಎಡಕ್ಕೆ ಮುದುಕಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಬಲಕ್ಕೆ ಹನ್ನೆರಡು ವರ್ಷದ ನೀಲವ್ವ ಅವಳ ತೋಳಿನ ಮೇಲೆಯೇ ತಲೆಯಿಟ್ಟು ಮಲಗಿದ್ದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಸದ್ದು ಹಿತ್ತಿಲ ಕಡೆಯಿಂದ ಬರುತ್ತಿತ್ತು.

ಎದ್ದು ನೋಡಬೇಕೆಂದುಕೊಂಡಳು. ತೋಳು ಎಳೆದರೆ ಹುಡುಗಿ ಎಚ್ಚರಾಗುತ್ತಾಳೆ. ಮೇಲಾಗಿ ಇದು ಮಂದಿ ಮನೆ. ಹೊರಗಿನ ಕೋಣೆಯಲ್ಲಿ ಮದುವೆ ಗಂಡು ಮಲಗಿದ್ದಾನೆ, ನಡುವಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ. ರಾತ್ರಿ ಹೊತ್ತು ಕಂದೀಲು ಹಿಡಿದು ತಿರುಗಿದರೆ ಯಾರು ಏನೆಂದುಕೊಂಡಾರು? ಅವಳು ಸದ್ದನ್ನು ಎಣಿಸುತ್ತ ಮಲಗಿದಳು. ಹನ್ನೊಂದನೆಯ ಸಲಕ್ಕೆ ಅದು ನಿಂತಿತು. ನಿಂತ ಮೇಲೆ ಅವಳಿಗೆ ನಿದ್ದೆ ಬರಲೇ ಇಲ್ಲ.

ಅದು ಸಾವಿರದ ಒಂಬೈನೂರ ಮೂವತ್ತೆಂಟರ ಮಾರ್ಗಶಿರ ಮಾಸ. ಆನೆಗೊಂದಿಯಲ್ಲಿ ಬಾಳೆತೋಟದ ಹಂಪಣ್ಣನ ಮನೆಯಲ್ಲಿ ಮರುದಿನ ಮಗಳು ನೀಲವ್ವನ ನಿಶ್ಚಯ. ಗಂಡು ವಿರೂಪಾಕ್ಷಪ್ಪ, ಯಲಬುರ್ಗಿಯ ಹತ್ತಿ ವ್ಯಾಪಾರಿ, ಮೊದಲ ಹೆಂಡತಿ ತೀರಿಕೊಂಡವನು. ವಯಸ್ಸು ನಲವತ್ತು ದಾಟಿತ್ತು. ಪಂಪಾವತಿ ಧಾರವಾಡದಲ್ಲಿ ಇಂಟರ್‌ವರೆಗೆ ಓದಿ ಬಂದವಳು, ಅದೇ ಊರಿನಲ್ಲಿ ಕಾಕಾನ ಮನೆಯಲ್ಲಿದ್ದಳು. ದಿನಾ ಮಧ್ಯಾಹ್ನ ನೀಲವ್ವನಿಗೆ ಓದು ಹೇಳಿಕೊಡುತ್ತಿದ್ದಳು. ಹುಡುಗಿ ತಾನಾಗಿ ಕಥೆ ಓದುವ ಹಂತಕ್ಕೆ ಬಂದಿದ್ದಳು. ಅಷ್ಟರಲ್ಲಿ ಈ ನಿಶ್ಚಯ. ಅಡುಗೆಯ ನೆರವಿಗೆಂದು ಹುಡುಗಿಯ ತಾಯಿ ಕಳಕಮ್ಮ ಆ ರಾತ್ರಿ ಅವಳನ್ನು ಅಲ್ಲಿಯೇ ಉಳಿಸಿಕೊಂಡಿದ್ದಳು.

ಬೆಳಗಾಗುತ್ತಲೇ ಪಂಪಾವತಿ ಹಿತ್ತಿಲಿಗೆ ಹೋದಳು. ಪಕ್ಕೀರವ್ವ ಆಗಲೇ ಬಂದು ಆಮೆಗುಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು.

ಹಂಪಣ್ಣನ ತಂದೆ ಇದ್ದ ಕಾಲದಿಂದಲೂ ಆ ಮನೆಯಲ್ಲಿ ಆಮೆ ಸಾಕುತ್ತಿದ್ದರು. ಬೆನ್ನ ಮೇಲೆ ಹಳದಿ ಚುಕ್ಕಿ ಬರೆದಂಥ ನಕ್ಷತ್ರದ ಆಮೆಗಳು. ಹಿತ್ತಿಲ ಮಾಡಿನ ಕೆಳಗೆ ಮೊಣಕಾಲುದ್ದ ತೋಡಿ, ಸುತ್ತ ಹಲಗೆ ಕಟ್ಟಿ, ಕೆಮ್ಮಣ್ಣು ಮತ್ತು ಹೊಳೆಯ ಮರಳು ತುಂಬಿ, ಮೇಲೆ ಒಣ ಬಾಳೆಪಟ್ಟೆಯ ಸೀಳು ಹಾಸಿದ ಗುಂಡಿ ಅವುಗಳ ಮನೆ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕೀರವ್ವ. ಊರ ಹೊರಗಿನ ಕೇರಿಯಿಂದ ಓಣಿಯ ತಡಿಕೆ ಬಾಗಿಲಲ್ಲಿ ಬಂದು, ಹಿತ್ತಿಲಲ್ಲೇ ಕೆಲಸ ಮಾಡಿ, ಹಿತ್ತಿಲಿನಿಂದಲೇ ಹೋಗುವವಳು. ಅಡುಗೆಮನೆಯ ಹೊಸ್ತಿಲನ್ನು ಅವಳು ಒಮ್ಮೆಯೂ ದಾಟಿರಲಿಲ್ಲ.

ಆ ದಿನ ಗುಂಡಿ ನಾಟಿಗೆ ಹದ ಮಾಡಿದ ಗದ್ದೆಯಂತಿತ್ತು. ಎಂಟು ಆಮೆಗಳು ಕೆಸರಿನಿಂದ ತಪ್ಪಿಸಿಕೊಳ್ಳಲು ಒಂದರ ಮೇಲೊಂದು ಹತ್ತಿ ಹಲಗೆಗೆ ಒರಗಿದ್ದವು. ಒಂಬತ್ತನೆಯದು, ಅಂಗೈಯಷ್ಟು ಸಣ್ಣದು, ಬೆನ್ನಡಿಯಾಗಿ ಬಿದ್ದಿತ್ತು. ಪಕ್ಕೀರವ್ವ ಅದನ್ನು ಎತ್ತಿದಾಗ ಬಾಯಿಂದ ಕೆಸರು ಇಳಿಯಿತು.

ಹನ್ನೊಂದು ಸಲ, ಎಂದು ಪಂಪಾವತಿಗೆ ನೆನಪಾಯಿತು. ಹನ್ನೊಂದು ಸಲ ಅದು ಹಲಗೆ ಬಡಿದಿತ್ತು.

ಪಕ್ಕೀರವ್ವ ಉಳಿದವನ್ನು ಬುಟ್ಟಿಯಲ್ಲಿಟ್ಟು, ಒಣ ಸೀಳು ಮುಚ್ಚಿದಳು. ಆಮೇಲೆ ಕೆಸರನ್ನು ತೋಡಿ ತೋಡಿ ಬಿಸಿಲಿಗೆ ಹರವತೊಡಗಿದಳು. ಅರ್ಧ ಗುಂಡಿ ಮುಗಿಯುವಷ್ಟರಲ್ಲಿ, ಮೊಳಕೈ ಆಳದಲ್ಲಿ, ಅವಳ ಕೈಗೆ ಬಟ್ಟೆಯ ಗಂಟೊಂದು ತಾಗಿತು. ಬಿಚ್ಚಿದಳು. ಒಳಗೆ ಹಂಪಣ್ಣನ ತಾಯಿ ಮುದುಕಮ್ಮನ ಬೋರಮಾಳ, ಚಿನ್ನದ ಗುಂಡಿನ ಸರ. ಅವಳು ಅದನ್ನು ಸೆರಗಿನಿಂದ ಒರೆಸಿ, ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಇದು ಆಯಿ ಸರ ಅಲ್ಲೇನ್ರಿ ಕಳಕವ್ವಾರ? ಗುಂಡ್ಯಾಗ ಸಿಕ್ತು."

ಹೋಳಿಗೆಯ ಕಣಕ ನಾದುತ್ತಿದ್ದ ಕಳಕಮ್ಮನ ಕೈ ನಿಂತಿತು. ಅವಳು ಸರವನ್ನು ನೋಡಿದಳು, ಮತ್ತೆ ಕಣಕವನ್ನು ನೋಡಿದಳು.

ಅದೇ ಹೊತ್ತಿಗೆ ಒಳಗೆ ಹಂಪಣ್ಣ, ಶಾಸ್ತ್ರಕ್ಕೆಂದು ತಾಯಿಯ ಪೆಟ್ಟಿಗೆ ತೆಗೆಸಿ, ಸರದ ಕರಡಿಗೆ ಬರಿದಾಗಿರುವುದನ್ನು ಕಂಡು ಹೊರಗೆ ಓಡಿ ಬಂದ. ಹೊಸ್ತಿಲ ಮೇಲಿನ ಸರ ನೋಡಿದ. ಹಿಂದೆ ನಿಂತ ಪಕ್ಕೀರವ್ವನನ್ನು ನೋಡಿದ. ಮುಂದಿನದನ್ನು ಯೋಚಿಸಲು ಅವನಿಗೆ ಹೊತ್ತೇ ಹಿಡಿಯಲಿಲ್ಲ.

"ಆ ಗುಂಡ್ಯಾಗ ಕೈ ಹಾಕಾಕಿ ನೀ ಒಬ್ಬಾಕಿನ. ಹೂಳಿದಾಕಿಗಲ್ಲದ ಇನ್ಯಾರಿಗೆ ಸಿಗತೈತಿ?" ಎಂದ. "ಸಿಕ್ಕಬೀಳ್ತೀನಂತ ತಂದು ಕೊಟ್ಟಿ."

ಗಂಗಾವತಿ ಠಾಣೆಯ ಅಮೀನ ಉಮರಸಾಬನಿಗೆ ಹೇಳಿಕಳಿಸಿದ. ಸಂಜೆಗೆ ಬರುತ್ತೇನೆಂದು ಅವನಿಂದ ಹೇಳಿಕೆ ಬಂತು. ಪಕ್ಕೀರವ್ವ ನಿಂಬೆಗಿಡದ ಬುಡದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಳಲಿಲ್ಲ. ಪಂಪಾವತಿ ಹತ್ತಿರ ಹೋದಾಗ ಇಷ್ಟೇ ಹೇಳಿದಳು: "ಒಮ್ಮಿ ಠಾಣೆ ಮೆಟ್ಟಲಾ ಹತ್ತಿದಾಕೀನ ಕೂಲಿಗೆ ಯಾರು ಕರೀತಾರವ್ವಾ? ಇವನ್ನ ಯಾರು ನೋಡ್ತಾರ?"

ಒಳಗಿನಿಂದ ಮುದುಕಮ್ಮನ ದನಿ ಬಂತು. ಅವಳಿಗೆ ಕಣ್ಣು ಮಂಜು, ಕಾಲು ಬಿದ್ದುಹೋಗಿದ್ದವು. ಕಿವಿ ಮಾತ್ರ ಚುರುಕು. "ಪಂಪಾ, ನಿಮ್ಮ ಕಾಕಾನ ಕರಕೊಂಡು ಬಾ. ಅಮೀನ ಬರೂದರಾಗ ಅವ ಬರಲಿ."

ಪಂಪಾವತಿಯ ಕಾಕಾ ಉಮಾಪತಿ ನಿಜಾಮರ ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಗಿರದಾವರನಾಗಿದ್ದವನು. ಹೊಲ ಹೊಲ ತಿರುಗಿ ಇದು ಖುಷ್ಕಿ, ಮಳೆಯಾಶ್ರಯದ್ದು, ಇದು ತರಿ, ನೀರಾವರಿಯದ್ದು ಎಂದು ಬರೆಯುವ ಕೆಲಸ. ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ. ಮಣ್ಣನ್ನು ಹಿಡಿದು ಹಿಂಡಿ, ನಾಲಿಗೆಯ ತುದಿಗೆ ಇಟ್ಟು ನೋಡುತ್ತಿದ್ದ. ನೌಕರಿ ಬಿಟ್ಟ ಮೇಲೆ ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವನ ಜಗಲಿಗೆ ಬರುತ್ತಿದ್ದವು. ಕಾಲುವೆಯ ತೂಬು ಒಡೆದವನನ್ನು ಹಿಡಿದದ್ದು, ಮಠದ ಗಂಟೆ ಕದ್ದವನನ್ನು ಅವನ ಮೆಟ್ಟಿನ ಸುಣ್ಣದಿಂದ ಗುರುತಿಸಿದ್ದು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿತ್ತು. ಕೈ ನಡುಗುತ್ತಿದ್ದುದರಿಂದ ಅವನು ಹೇಳುತ್ತಿದ್ದ, ಪಂಪಾವತಿ ಬರೆಯುತ್ತಿದ್ದಳು. ಮಾತನ್ನು ತೂಗಿ ಬರೆಯುವವಳೆಂದು ಅವನಿಗೆ ಅವಳ ಮೇಲೆ ಭರವಸೆ.

ಅವನು ಬಂದವನೇ ಸರವನ್ನು ಕೇಳಲಿಲ್ಲ. ಪಕ್ಕೀರವ್ವನ ಎದುರಿಗೆ ನೆಲದ ಮೇಲೆ ಕೂತು, ಆಮೆಗಳಿಗೆ ಮಣ್ಣು ಹೆಂಗ ಹದ ಮಾಡುತ್ತೀ ಎಂದು ಕೇಳಿದ. ಹಂಪಣ್ಣ ಹಲ್ಲು ಕಡಿದು ಅತ್ತ ನಡೆದುಹೋದ.

ಪಕ್ಕೀರವ್ವ ಮೊದಲು ತಡವರಿಸಿದಳು, ಆಮೇಲೆ ತಡೆಯಿಲ್ಲದೆ ಹೇಳಿದಳು. ಮಣ್ಣು ತಳದಲ್ಲಿ ಹಸಿಯಾಗಿರಬೇಕು, ಮೇಲೆ ಒಣಗಿರಬೇಕು. ತಳ ಒಣಗಿದರೆ ಮರಿಗಳ ಬೆನ್ನು ಗುಡ್ಡೆಗುಡ್ಡೆಯಾಗಿ ಏಳುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತವೆ. ಮೇಲೆ ಹಸಿಯಾದರೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ, ಮೂಗಿನಲ್ಲಿ ಗುಳ್ಳೆ ಬರುತ್ತದೆ. ಅದಕ್ಕೇ ಅವಳು ಮೇಲೆ ಹನಿ ನೀರೂ ಹಾಕುವುದಿಲ್ಲ. ನಾಲ್ಕು ಮೂಲೆಗೆ ತಳದವರೆಗೆ ಬಿದಿರಿನ ಕೊಳವೆ ಹೂಳಿದ್ದಾಳೆ. ಮೂರು ದಿನಕ್ಕೊಮ್ಮೆ ಒಂದೊಂದಕ್ಕೆ ಅರ್ಧ ತಂಬಿಗೆ. ಇರುವೆ ಇಳಿಯದ ಹಾಗೆ ಬಾಯಿಗೆ ಬಟ್ಟೆಯ ಬಿರಡೆ.

"ನೀರು ಯಾವುದು?"

"ಹೊಳಿ ನೀರ್ರಿ. ಈ ಬಾವಿ ನೀರು ಸವಳು, ಆಮಿಗೆ ಆಗೂದಿಲ್ಲ. ನಾನ ಹೊತ್ತು ತಂದು ಆ ಗಡಿಗ್ಯಾಗ ತುಂಬಿಡ್ತೀನಿ. ನಿನ್ನೆ ಹೊತ್ತು ಮುಳಗೂ ಮುಂದ ತುಂಬಿಟ್ಟು ಎಲಿ ಮುಚ್ಚಿ ಹೋಗೀನಿ."

ಗಡಿಗೆ ಗುಂಡಿಯಿಂದ ಕೈಯಳತೆಯಲ್ಲಿತ್ತು. ಉಮಾಪತಿ ಅದರ ಮೇಲಿನ ಬಾಳೆಲೆ ಸರಿಸಿ ನೋಡಿ, ಮತ್ತೆ ಮುಚ್ಚಿದ.

"ಹದ ಹೆಂಗ ಗೊತ್ತಾಗತೈತಿ?"

"ತಳದ ಮಣ್ಣು ಹಿಂಡಬೇಕ್ರಿ. ಉಂಡಿ ಕಟ್ಟಬೇಕು. ನೀರು ಇಳೀಬಾರದು. ಬೆರಳಲೆ ಮುಟ್ಟಿದ್ರ ಒಡೀಬೇಕು."

"ಹಂಗಾರ ನಾವು ಇಬ್ಬರೂ ಒಂದ ಸಾಲಿಯವರು," ಎಂದು ಉಮಾಪತಿ ಎದ್ದ.

ಪಕ್ಕೀರವ್ವ ತೋಡದೆ ಬಿಟ್ಟಿದ್ದ ಅರ್ಧ ಗುಂಡಿ ಹಾಗೇ ಇತ್ತು. ಅವನು ಅಂಗಿಯ ತೋಳು ಮಡಚಿ ಕೈ ಇಳಿಸಿದ. ನಾಲ್ಕು ಬೆರಳು ಆಳದವರೆಗೆ ಕೆಸರು. ಅದರ ಕೆಳಗಿನದನ್ನು ಹಿಡಿದು ಹಿಂಡಿದ. ಉಂಡೆ ಕಟ್ಟಿತು, ಮುಟ್ಟಿದರೆ ಒಡೆಯಿತು. ನಾಲ್ಕೂ ಕೊಳವೆಯ ಬಿರಡೆಗಳನ್ನು ಪಂಪಾವತಿಯಿಂದ ಮುಟ್ಟಿಸಿದ. ಒಣಗಿದ್ದವು. ಗಂಟು ಸಿಕ್ಕ ತಗ್ಗಿನ ಬದಿಯಲ್ಲಿ ಮೊಳಕೈ ಆಳದಿಂದ ಅವನು ಎಳೆದದ್ದು ಒಂದು ಹಿಡಿ ಬಾಳೆಪಟ್ಟೆಯ ಸೀಳು. ಮೇಲೆ ಇರಬೇಕಾದದ್ದು. ಮುದುಡಿದ್ದರೂ ಒಳಗೆ ಇನ್ನೂ ಗರಿಗರಿಯಾಗಿತ್ತು. ಅದನ್ನು ಪಂಪಾವತಿಯ ಕೈಗೆ ಕೊಟ್ಟ. ಇಟ್ಟುಕೋ ಎಂದ, ಯಾಕೆಂದು ಹೇಳಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕೇಳಿದ. ವಿರೂಪಾಕ್ಷಪ್ಪ ಮುಖ ಸಿಂಡರಿಸಿಕೊಂಡೇ ಉತ್ತರಿಸಿದ. ಗದ್ದೆ ಬದಿಯ ಊರು, ಸೊಳ್ಳೆಯ ಕಾಟಕ್ಕೆ ತನಗೂ ಹಂಪಣ್ಣನಿಗೂ ಕಣ್ಣು ಮುಚ್ಚಲಾಗಲಿಲ್ಲ. ಬೆಳಗಾಗುವವರೆಗೆ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಕೂತೇ ಇದ್ದೆವು ಎಂದ. ಹಂಪಣ್ಣನೂ ಅದನ್ನೇ ಹೇಳಿದ. ಮುದುಕಮ್ಮ ಹೇಳಿದ್ದು ಬೇರೆ. ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ, ನೀಲವ್ವನಿಗೆ ಹಾಕಿ ಕಳಿಸಲಿದ್ದ ಸರವನ್ನು ಹೊರಗೆ ತರಿಸಿ ಗಂಡಿಗೆ ತೋರಿಸಿದ್ದರು. ಅವನು ಅದನ್ನು ಕೈಯಲ್ಲಿ ಹಿಡಿದು ಭಾಳ ಹೊತ್ತು ತೂಗಿ ನೋಡಿದನಂತೆ. ಆಮೇಲೆ ಸೊಸೆ ಸರವನ್ನು ಕರಡಿಗೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಿದಳು. ತಾನು ಬೀಗ ತಿರುವಿ ಕೀಲಿಕೈಯನ್ನು ಉಡಿಗೆ ಕಟ್ಟಿಕೊಂಡೆ ಎಂದಳು. ಆ ಹೊತ್ತಿಗೆ ಪಕ್ಕೀರವ್ವ ಬಾಳೆಲೆ ಹೊರೆ ಇಡಲು ಹಿತ್ತಿಲ ಬಾಗಿಲವರೆಗೆ ಮತ್ತೊಮ್ಮೆ ಬಂದಿದ್ದಳು. ಹಂಪಣ್ಣನ ಸಂಶಯಕ್ಕೆ ಅಷ್ಟು ಸಾಕಾಗಿತ್ತು.

ಕಳಕಮ್ಮ ಒಲೆಯ ಮುಂದಿನಿಂದ ಏಳದೆಯೇ ಮಾತಾಡಿದಳು. ಬೇಗ ಏಳಬೇಕಿತ್ತು, ಅಡುಗೆಮನೆಯಲ್ಲೇ ಮಲಗಿದ್ದೆ, ಏನೂ ಕೇಳಿಸಲಿಲ್ಲ ಎಂದಳು. ಪಂಪಾವತಿ ಬಾಗಿಲಲ್ಲಿ ನಿಂತು ಆ ಕೈಗಳನ್ನೇ ನೋಡುತ್ತಿದ್ದಳು. ಕಳಕಮ್ಮ ಉಂಡೆ ಮಾಡಿದ ಹೂರಣವನ್ನೇ ಮತ್ತೆ ಮುರಿದು ಉಂಡೆ ಮಾಡುತ್ತಿದ್ದಳು. ಹದಿನೈದು ದಿನದ ಹಿಂದೆ, ಇದೇ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ, ಕಳಕಮ್ಮ ಅವಳನ್ನು ಏನೋ ಕೇಳಿದ್ದಳು. ನೀಲವ್ವನ ಪಾಟಿ ತಿದ್ದುತ್ತಲೇ ಅವಳು ಏನೋ ಉತ್ತರ ಕೊಟ್ಟಿದ್ದಳು, ಇಬ್ಬರೂ ನಕ್ಕಿದ್ದರು. ಆ ಮಾತು ಯಾವುದೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಸಿಗದೆ ಇದ್ದದ್ದೇ ಅವಳನ್ನು ಬೆಳಗಿನಿಂದ ಮುಳ್ಳಿನಂತೆ ಚುಚ್ಚುತ್ತಿತ್ತು.

ಮಧ್ಯಾಹ್ನದ ಬಿಸಿಲು ಏರಿತು. ಉಮಾಪತಿ ಕಟ್ಟೆಯ ಮೇಲೆ ಕೂತು, ಹರವಿದ ಮಣ್ಣು ಒಣಗುವುದನ್ನು ಕಾಯುತ್ತಿದ್ದ. ಪಂಪಾವತಿಗೆ ಕೂರಲಾಗಲಿಲ್ಲ. ಬುಟ್ಟಿಯ ಹತ್ತಿರ ಹೋಗಿ ಆಮೆಗಳ ಮೂಗು ನೋಡಿದಳು, ಓಣಿಯ ಬಾಗಿಲಿಗೆ ಹೋಗಿ ಗಂಗಾವತಿಯ ದಾರಿ ನೋಡಿದಳು, ತಿರುಗಿ ಬಂದಳು.

"ಕಾಕಾ, ಅಮೀನರು ಬಂದಬಿಟ್ರ?"

"ಮಣ್ಣಿಗೆ ಅವಸರ ಇಲ್ಲವ್ವಾ. ಅದು ಹೇಳೂ ಹೊತ್ತಿಗೇ ಹೇಳತೈತಿ."

ಮೂರು ದಾಟಿದ ಮೇಲೆ ಮಣ್ಣು ಹೇಳಿತು. ಒಣಗಿದ ಹೆಂಟೆಗಳ ಮೇಲೆ ಉಪ್ಪು ಚಿಮುಕಿಸಿದಂತೆ ಬೆಳ್ಳಗೆ ಪೊರೆ ಎದ್ದಿತು. ಉಮಾಪತಿ ಒಂದು ಚೂರನ್ನು ನಾಲಿಗೆಗಿಟ್ಟು, ಉಗುಳಿ, ಬಾಯಿ ಒರೆಸಿಕೊಂಡ. ಆ ಗಳಿಗೆಯಲ್ಲಿ ಪಂಪಾವತಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂತಿದ್ದ ಕಳಕಮ್ಮ ಮಣ್ಣನ್ನು ನೋಡುತ್ತಿರಲಿಲ್ಲ. ಬಾವಿಕಟ್ಟೆಯ ಪಕ್ಕದ ಕಲ್ಲುಬಾನಿಯನ್ನು ನೋಡುತ್ತಿದ್ದಳು. ಪಾತ್ರೆ ತೊಳೆಯಲು ಬಾವಿನೀರು ತುಂಬಿಡುವ ಬಾನಿ. ಪಂಪಾವತಿ ತಟ್ಟನೆ ಬೇರೆ ಕಡೆ ಮುಖ ಮಾಡಿದಳು. ತಾನು ನೋಡಿದ್ದು ಯಾರಿಗಾದರೂ ಕಂಡೀತೆಂಬ ಭಯ.

ಉಮಾಪತಿ ಎಲ್ಲರನ್ನೂ ಗುಂಡಿಯ ಹತ್ತಿರ ಕರೆಸಿದ. ಮುದುಕಮ್ಮನನ್ನು ಹೊರಸಿನ ಸಮೇತ ಎತ್ತಿ ತಂದರು. ನೀಲವ್ವನನ್ನು ಮಾತ್ರ ಹೂವು ತರಲು ತೋಟಕ್ಕೆ ಕಳಿಸಿದ. ಪಕ್ಕೀರವ್ವ ನಿಂಬೆಗಿಡದ ಹತ್ತಿರವೇ ನಿಂತಳು.

"ಗುಂಡಿ ತೋಡಿದ್ದು, ಸರ ಹೂಳಿದ್ದು ನಿನ್ನೆ ರಾತ್ರಿ," ಎಂದು ಶುರು ಮಾಡಿದ. ಆಮೆ ಹಗಲಿನ ಪ್ರಾಣಿ, ಕತ್ತಲಾದರೆ ಮಿಸುಕುವುದಿಲ್ಲ. ಪಂಪಾವತಿ ಹಲಗೆ ಬಡಿದ ಸದ್ದು ಕೇಳಿದ್ದಾಳೆ ಎಂದರೆ, ಆ ಹೊತ್ತಿಗಾಗಲೇ ಗುಂಡಿಯಲ್ಲಿ ನೀರು ತುಂಬಿತ್ತು. ನೀರು ಯಾಕೆ? ಆ ಗುಂಡಿಯ ಮೇಲ್ಪದರ ಒಣಗಿ ಬೆಳ್ಳಗಿರುತ್ತದೆ, ತಳ ಹಸಿಯಾಗಿ ಕೆಂಪಗಿರುತ್ತದೆ. ತೋಡಿದರೆ ತಳದ ಹಸಿಮಣ್ಣು ಮೇಲೆ ಬಂದು ತೇಪೆ ಹಾಕಿದಂತೆ ಎದ್ದು ಕಾಣುತ್ತದೆ, ಮೇಲಿನ ಒಣ ಸೀಳು ತಳಕ್ಕೆ ಹೋಗುತ್ತದೆ. ಪಂಪಾವತಿ ಸೆರಗಿನ ಗಂಟಿನಿಂದ ಸೀಳನ್ನು ತೆಗೆದು ತೋರಿಸಿದಳು. ಆ ತೇಪೆ ಮುಚ್ಚಲು ಇಡೀ ಗುಂಡಿಯನ್ನೇ ಒದ್ದೆ ಮಾಡಿದ್ದರು.

"ಆದರ ಪಕ್ಕೀರವ್ವ ದಿನಾ ನೀರು ಹಾಕ್ತಾಳ, ಹಸಿ ಇದ್ದರ ಆಮಿಗೆ ಛಲೋ ಅಂತ ದೂರದಿಂದ ನೋಡಿದವರಿಗೆ ಅನಸತೈತಿ," ಎಂದ. "ಆಕಿ ನೀರು ಹಾಕೂದು ಕೊಳವ್ಯಾಗ. ಬಿರಡಿ ಬಿಚ್ಚಿಲ್ಲ. ಮ್ಯಾಲ ಹನಿ ಬಿದ್ದರ ಮರಿ ಸಾಯತೈತಿ ಅಂತ ಗೊತ್ತಿದ್ದಾಕಿ ಮ್ಯಾಲ ಸುರಿಯೂದಿಲ್ಲ."

"ದಾರಿ ತಪ್ಪಿಸಾಕ ಬೇಕಂತ ಸುರದಾಳು," ಎಂದ ಹಂಪಣ್ಣ.

"ತಾನ ಸಾಕಿದ ಮರಿ ಕೊಂದು, ತಾನ ಸರ ತೆಗದು, ತಾನ ತಂದು ನಿನ್ನ ಹೊಸ್ತಿಲಿಗೆ ಇಟ್ಟಳು? ಇರಲಿ. ನೀರಿನ ಮಾತು ಕೇಳು." ಅವನು ಬಿಳಿ ಪೊರೆಯ ಹೆಂಟೆಯೊಂದನ್ನು ಎತ್ತಿ ಹಿಡಿದ. "ಇದು ಸವಳು. ಹೊಳಿ ನೀರು ಒಣಗಿದರ ಹಿಂಗ ಉಪ್ಪು ಉಳಿಯೂದಿಲ್ಲ. ಇದು ಆ ಬಾನ್ಯಾಗಿನ ಬಾವಿ ನೀರು. ಗುಂಡಿಗೆ ಕೈಯಳತ್ಯಾಗ ತುಂಬಿದ ಗಡಿಗಿ ಐತಿ. ಅದರ ಎಲಿ ಸರದಿಲ್ಲ, ಒಂದು ಬೊಗಸಿ ಕಡಿಮಿ ಆಗಿಲ್ಲ. ಕತ್ತಲದಾಗ, ಯಾರರ ನೋಡ್ಯಾರಂತ ಜೀವ ಕೈಯಾಗ ಹಿಡಕೊಂಡು, ಒಬ್ಬರು ಈ ಗಡಿಗಿ ಬಿಟ್ಟು ಇಪ್ಪತ್ತು ಹೆಜ್ಜಿ ಆಚಿಗೆ ಹೋಗಿ, ಕೊಡಗಟ್ಟಲೆ ಹೊತ್ತು ತಂದಾರ. ಯಾಕ?"

ಅವನು ಹೆಂಟೆಯನ್ನು ಗಡಿಗೆಯ ಪಕ್ಕದಲ್ಲಿಟ್ಟ.

"ಪಕ್ಕೀರವ್ವ ಆಗಿದ್ದರ ತನ್ನ ಗಡಿಗಿ ನೀರು ಸುರೀತಿದ್ದಳು. ಬೀಗರು ಆಗಿದ್ದರ ಇದು ಯಾರ ಗಡಿಗಿ ಅಂತ ಅವರಿಗೇನು ಗೊತ್ತು, ಹತ್ತಿರ ಇದ್ದದ್ದು ಎತ್ತತಿದ್ದರು. ಇದು ಪಕ್ಕೀರವ್ವ ತುಂಬಿದ ನೀರು, ಮುಟ್ಟಬಾರದು ಅಂತ ಗೊತ್ತಿದ್ದವರು ಈ ಮನಿಯವರು. ಕಳುವು ಮಾಡೂ ಮುಂದನೂ ಆ ಕೈ ಅದನ್ನ ಮುಟ್ಟಲಿಲ್ಲ."

ಮನೆಯವರಲ್ಲಿ ಹಂಪಣ್ಣ ಬೆಳತನಕ ಬೀಗರ ಕಣ್ಣೆದುರಿಗೇ ಇದ್ದ. ಮುದುಕಮ್ಮನಿಗೆ ಏಳಲಾಗದು. ನೀಲವ್ವನ ತಲೆ ಪಂಪಾವತಿಯ ತೋಳಿನ ಮೇಲಿತ್ತು. ಸಂಜೆ ಕರಡಿಗೆಯಲ್ಲಿ ಸರ ಇಟ್ಟವರು ಯಾರು, ಅಥವಾ ಬರಿಯ ಕರಡಿಗೆಯನ್ನು ಪೆಟ್ಟಿಗೆಗೆ ಹಾಕಿದವರು ಯಾರು, ಎಂದು ಅವನು ಕೇಳಲೇ ಇಲ್ಲ. ಹಿತ್ತಿಲಿಗೆ ಬಾಗಿಲಿರುವ ಅಡುಗೆಮನೆಯಲ್ಲಿ ಒಬ್ಬಳೇ ಮಲಗಿದ್ದವಳ ಕಡೆ ಎಲ್ಲರೂ ತಿರುಗಿದ್ದರು.

ಕಳಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಸರ ತೋರಿಸಿದ ಮ್ಯಾಲ ಮುಚ್ಚಿಟ್ಟೆ," ಎಂದಳು. "ನಿಶ್ಚಯದ ಹೊತ್ತಿಗೆ ಸಿಗದಿದ್ದರ ಸಾಕು, ಬ್ಯಾರೆ ಏನೂ ಬೇಕಾಗಿರಲಿಲ್ಲ. ಆಮ್ಯಾಲ ತೆಗದು ಪೆಟಿಗ್ಯಾಗ ಇಡ್ತಿದ್ದೆ. ನನ್ನ ಮಗಳು ಆ ಮನಿಗೆ ಹೋಗೂದು ಬ್ಯಾಡ."

ಹಂಪಣ್ಣ ಮುಂದೆ ಬಂದ. ಹೊರಸಿನ ಮೇಲಿನಿಂದ ಮುದುಕಮ್ಮ ಕೈ ಚಾಚಿ ಅವನ ಧೋತರದ ಚುಂಗು ಹಿಡಿದಳು. ಆ ಮುದಿ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯ ಅವನಿಗಾಗಲಿಲ್ಲ. ವಿರೂಪಾಕ್ಷಪ್ಪ ಹೆಗಲ ಮೇಲಿನ ಶಲ್ಯ ಕೊಡವಿದ. "ತಾಯಿ ತಾನ ಕಳುವು ಮಾಡೂ ಮನಿ ಹೆಣ್ಣು ನಮಗ ಬ್ಯಾಡ್ರಿ," ಎಂದು ಗಾಡಿ ಹೂಡಿಸಲು ಹೋದ. ಯಾರೂ ಅವನನ್ನು ತಡೆಯಲಿಲ್ಲ.

ಆಗ ಪಕ್ಕೀರವ್ವ ನಿಂಬೆಗಿಡದ ನೆರಳಿನಿಂದ ಹೊರಗೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಪಂಪಾವತಿಗೆ ಅದನ್ನು ಕೇಳುವುದು ಕಷ್ಟವಾಯಿತು.

"ಬೆಳಿಗ್ಗಿಂದ ಇಲ್ಲಿ ಕುಂತೀನಿ ಕಳಕವ್ವಾರ. ನಿಮಗ ಕಾಣತಿದ್ದೆ. ಒಂದು ಮಾತು ಆಡಲಿಲ್ಲ ನೀವು." ಗಡಿಗೆಯ ಕಡೆ ಕೈ ತೋರಿಸಿದಳು. "ನನ್ನ ಗಡಿಗಿ ನೀರು ಮುಟ್ಟಿದ್ದರ ಉಪ್ಪು ಏಳತಿರಲಿಲ್ಲ, ಸಂಜಿಗೆ ನಾನು ಠಾಣ್ಯಾಗ ಇರ್ತಿದ್ದೆ. ನೀವು ಮುಟ್ಟಲಿಲ್ಲ, ಅದಕ್ಕ ಉಳದೆ. ನೋಡ್ರಿ ಹೆಂಗೈತಿ."

ಕಳಕಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಓಣಿಯಲ್ಲಿ ಕುದುರೆಯ ಗೊರಸು ಕೇಳಿಸಿತು. ಅಮೀನ ಉಮರಸಾಬ ಬಂದಿದ್ದ. ಮುದುಕಮ್ಮ ಯಾರಿಗೂ ಬಾಯಿ ತೆಗೆಯಲು ಬಿಡಲಿಲ್ಲ. "ನಾನ ಇಟ್ಟು ಮರತಿದ್ದೆ ಸಾಹೇಬ್ರ, ಮುದಿ ಮರುವು. ಪಕ್ಕೀರವ್ವ ಹುಡಿಕಿ ಕೊಟ್ಟಳು," ಎಂದಳು. ಅಮೀನ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಪಕ್ಕೀರವ್ವನನ್ನು ಕೇಳಿದ: "ಹೌದೇನವ್ವಾ?"

ಇಡೀ ಮನೆಯ ಮಾನ ಈಗ ಹೊಸ್ತಿಲ ಹೊರಗಿನವಳ ನಾಲಿಗೆಯ ಮೇಲಿತ್ತು. ಪಕ್ಕೀರವ್ವ ಕಳಕಮ್ಮನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು.

"ಹೌದ್ರಿ. ಗುಂಡಿ ಹದ ತಪ್ಪಿತ್ತು, ತೋಡಿದೆ, ಸಿಕ್ತು."

ಅಮೀನ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಹೋದ. ಬಿಸಿಲು ಇಳಿಯುವ ಮೊದಲು ಪಕ್ಕೀರವ್ವ ಸವಳು ಮಣ್ಣನ್ನು ತೆಗೆದು ಹೊಸ ಮಣ್ಣು ತುಂಬಲು ತೊಡಗಿದಳು. ಪಂಪಾವತಿ ಮಣ್ಣು ಹಾಕಿಕೊಟ್ಟಳು. ಸ್ವಲ್ಪ ಹೊತ್ತಿಗೆ ಕಳಕಮ್ಮ ಬಂದಳು. ಬಂದವಳು ಗಡಿಗೆಯ ಎಲೆ ಸರಿಸಿ, ತಂಬಿಗೆ ಮುಳುಗಿಸಿ, ಪಕ್ಕೀರವ್ವ ತೋರಿಸಿದ ಕೊಳವೆಗೆ ಹೊಯ್ದಳು. ಅರ್ಧ ನೀರು ಹೊರಗೆ ಚೆಲ್ಲಿತು.

"ಸಾವಕಾಶ ಹಾಕ್ರಿ," ಎಂದಳು ಪಕ್ಕೀರವ್ವ. "ಈಗ ತಳದ್ದು ಹಿಂಡಿ ನೋಡ್ರಿ. ಇನ್ನೊಂದೀಟು ಬೇಕು."

ಮರಿಯನ್ನು ನಿಂಬೆಗಿಡದ ಬುಡದಲ್ಲಿ ಹೂಳಿದರು. ಅದನ್ನು ಹೂಳುವಾಗ ಪಂಪಾವತಿಗೆ ಮರೆತ ಮಾತು ಸಿಕ್ಕಿತು. ಅವರೆಕಾಯಿಯ ಸಿಪ್ಪೆಯ ವಾಸನೆಯ ಸಮೇತ ಸಿಕ್ಕಿತು. 'ಇದನ್ನ ತಪ್ಪಿಸಾಕ ಏನೂ ದಾರಿ ಇಲ್ಲೇನ ಪಂಪವ್ವ?' ಎಂದು ಕಳಕಮ್ಮ ಕೇಳಿದ್ದಳು. ಪಾಟಿಯಿಂದ ಕಣ್ಣೆತ್ತದೆ ಅವಳು ಹೇಳಿದ್ದಳು: 'ಅವಗ ಬೇಕಾಗಿದ್ದು ನೀಲವ್ವ ಅಲ್ಲಕ್ಕಾ, ಬೋರಮಾಳ. ಸರ ಕಾಣಲಿಲ್ಲಂದ್ರ ತಾನ ಎದ್ದು ಹೋಗ್ತಾನ. ಆಮೆಗುಂಡ್ಯಾಗ ಮುಚ್ಚಿಡು, ಯಾರು ಕೈ ಹಾಕ್ತಾರ.' ಇಬ್ಬರೂ ನಕ್ಕಿದ್ದರು. ಪಕ್ಕೀರವ್ವ ದಿನಾ ಕೈ ಹಾಕುತ್ತಾಳೆಂಬುದು ಆಗ ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

ಅವಳು ತಲೆಯೆತ್ತಿದಳು. ಕಳಕಮ್ಮ ಅವಳನ್ನೇ ನೋಡುತ್ತಿದ್ದಳು. ಎಲ್ಲರೆದುರು ಎಲ್ಲವನ್ನೂ ಒಪ್ಪಿಕೊಂಡವಳು ಅದೊಂದನ್ನು ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ, ಕಣ್ಣು ಕೆಳಗಿಳಿಸಿ ಮಣ್ಣು ಹಿಂಡತೊಡಗಿದಳು.

ಕಾಲುವೆಯ ದಂಡೆ ಹಿಡಿದು ಮನೆಗೆ ನಡೆಯುವಾಗ ಉಮಾಪತಿ ದಂಡೆಯ ಮಣ್ಣನ್ನು ಒಂದು ಹಿಡಿ ಎತ್ತಿ ಹಿಂಡಿ ನೋಡಿದ. ಆಮೇಲೆ ಹೇಳಿದ: "ಎಲ್ಲಾ ಹೊಂದತೈತಿ. ಒಂದು ಮಾತ್ರ ನನಗ ತಿಳೀವಲ್ದು. ಕಳಕಮ್ಮ ತನ್ನಷ್ಟಕ್ಕ ಇಂಥಾದ್ದು ಹೂಡೂ ಹೆಣ್ಣಲ್ಲ. ಆ ಗುಂಡೀನ ಯಾಕ ನೆನಪಾತು ಆಕಿಗೆ?"

ಅವನು ಅವಳ ಮುಖ ನೋಡಲಿಲ್ಲ. ನೋಡದೆ ಇದ್ದದ್ದು ಗೊತ್ತಿಲ್ಲದೆಯೋ ಗೊತ್ತಿದ್ದೋ ಅವಳಿಗೆ ತಿಳಿಯಲಿಲ್ಲ. ಕೈಗೆ ಮೆತ್ತಿದ ಮಣ್ಣನ್ನು ತೊಳೆಯಲು ಅವಳು ಕಾಲುವೆಗೆ ಬಗ್ಗಿದಳು. ತೊಳೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಅವಳು ಎಲ್ಲವನ್ನೂ ಬರೆದಳು. ಬಿರಡೆ, ಸೀಳು, ಗಡಿಗೆ, ಬಿಳಿ ಪೊರೆ. ಪಕ್ಕೀರವ್ವ ಆಡಿದ ಮಾತನ್ನು ಅಕ್ಷರ ಬಿಡದೆ ಬರೆದಳು. ಕಾಕಾ ಕೇಳಿದ ಕೊನೆಯ ಪ್ರಶ್ನೆಯನ್ನೂ ಬರೆದು, ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು, ಮಸಿ ಸೀಸೆಯ ಮುಚ್ಚಳ ತಿರುವಿದಳು. ಆ ಸಾಲನ್ನು ಕಾಕಾನಿಗಾಗಲಿ, ಪಕ್ಕೀರವ್ವನಿಗಾಗಲಿ, ಯಾರಿಗೂ ಯಾವತ್ತಿಗೂ ಹೇಳುವುದಿಲ್ಲವೆಂದು ಅವಳು ನಿರ್ಧರಿಸಿದ್ದಳು.